ಕೊಟ್ಟ ಲೆಕ್ಕ ಊರಿಗಿ ತಿರುಗಿ ಬರಲಿ

ವಾಡಿ ಜಂಕ್ಷನ್ನಿನಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಮೇಲೆ ಹೈದರಾಬಾದ್ ಕಡೆ ಹೋಗುವ ಪ್ಯಾಸೆಂಜರಿನಲ್ಲಿ ಎದುರುಬದುರು ಕೂತವರ ಮಾತಿದು. ಒಬ್ಬರು ನಿವೃತ್ತ ಪ್ರಾಥಮಿಕ ಶಾಲಾ ಮಾಸ್ತರರು. 1991, 2001, 2011ರ ಜನಗಣತಿಗಳಲ್ಲಿ ಚಿಂಚೋಳಿ ಕಡೆಯ ತಾಂಡಾಗಳನ್ನು ಮನೆಮನೆ ಸುತ್ತಿ ಎಣಿಸಿದವರು. ಇನ್ನೊಬ್ಬಳು ಅವರ ಹಳೆಯ ವಿದ್ಯಾರ್ಥಿನಿ. ಸಂಖ್ಯಾಶಾಸ್ತ್ರ ಓದಿ, ಸೇಡಂ ತಾಲ್ಲೂಕಿನಲ್ಲಿ ಬೆಳೆ ಸಮೀಕ್ಷೆಯ ‘ಪಿ.ಆರ್.’ (ಖಾಸಗಿ ನಿವಾಸಿ) ಆಗಿ ಹೊಲ ತಿರುಗುವವಳು.

ಮಾಸ್ತರು: ಈ ಸಲ ನಿನಗ ಯಾವ ಊರು ಕೊಟ್ಟಾರವ್ವಾ?

ತರುಣಿ: ಕಾಗಿಣಾ ನದಿ ದಂಡಿಯ ಎರಡು ಊರು ಸರ. ಹೊಲದ ಸರ್ವೆ ನಂಬರಿನ ಗಡಿಯೊಳಗ ಹೋಗಿ ನಿಂತರೇ ಆ್ಯಪ್ ಮುಂದ ಹೋಗತದ. ಬೆಳಿ ಹೆಸರು, ಎಷ್ಟು ಎಕರೆ ಎಷ್ಟು ಗುಂಟೆ, ನೀರಾವರಿನೋ ಮಳಿ ನೀರೋ, ಆಮ್ಯಾಲ ಫೋಟೋ. ತೊಗರಿ ಸಾಲಿನ ನಡುವ ಹೆಸರೋ ಉದ್ದೋ ಹಾಕಿದ್ರ ಅದನೂ ಬ್ಯಾರೆ ಬರೀಬೇಕು. ಕೆಲಸ ಕಷ್ಟ ಅನಸಲ್ಲ. ಆದ್ರ ಒಂದು ಮಾತು ಮನಸಿನ್ಯಾಗ ಕುಂತುಬಿಟ್ಟದ. ಹೊಲದಾಗ ಕಸಾ ತೆಗೀಲಕತ್ತಿದ್ದ ಒಬ್ಬ ಆಯಿ ಕೇಳಿದಳು: “ವರ್ಷಾ ಬರತೀರಿ, ಬರಕೊಂಡು ಹೋಗತೀರಿ. ಬರದದ್ದು ಏನಾಯ್ತು ಅಂತ ಹೊಳ್ಳಿ ಬಂದು ಹೇಳಿದವರು ಒಬ್ಬರೂ ಇಲ್ಲಲ್ಲವ್ವಾ.”

ಮಾಸ್ತರು: ಆ ಆಯಿ ಕೇಳಿದ್ದೇ ಅಸಲ ಪ್ರಶ್ನಿ. ಜನಗಣತಿ ಫಾರ್ಮಿನ್ಯಾಗ ಹೆಣ್ಣುಮಕ್ಕಳಿಗಿ ಒಂದು ಪ್ರಶ್ನಿ ಇರತದ, ಹುಟ್ಟಿದ ಮಕ್ಕಳೆಷ್ಟು, ಬದುಕಿದವರೆಷ್ಟು ಅಂತ. ತಾಂಡಾದಾಗ ಮಂಚ ಹೊರಗ ಹಾಕಿ ನನ್ನ ಕೂಡಿಸಿ, ಕುಡೀಲಿಕ್ಕ ನೀರು ಕೊಟ್ಟು, ಸತ್ತ ಕೂಸಿನ ಲೆಕ್ಕ ಸೈತ ಬೆರಳು ಮಡಿಚಿ ಹೇಳ್ಯಾರ. ಗಂಡನ ಮುಂದನೂ ಎಂದೂ ಆಡದ ಮಾತು ಪರಊರಿನ ಮಾಸ್ತರನ ಮುಂದ ಹೇಳ್ಯಾರ, ಸರ್ಕಾರ ಕೇಳತದ ಅಂತ. ಆ ಲೆಕ್ಕ ಬೆಂಗಳೂರಿಗಿ ಹೋತು, ದಿಲ್ಲಿಗಿ ಹೋತು. ತಾಂಡಾಕ್ಕ ಮಾತ್ರ ಬರಲಿಲ್ಲ.

ತರುಣಿ: ಆದ್ರೂ ಸರ, ಲೆಕ್ಕ ಪೂರಾ ದಂಡ ಆಗಿಲ್ಲ. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಾಗ ವರದಿ ಕೊಡೋತನಕ ನಮ್ಮ ಭಾಗ ಹಿಂದುಳಿದದ ಅನ್ನೋದು ಬರೇ ಗೋಳಾಗಿತ್ತು. ಆ ಸಮಿತಿ 35 ಸೂಚಕ ಹಿಡಿದು ಅವತ್ತಿನ 175 ತಾಲ್ಲೂಕುಗಳನ್ನ ತೂಗಿ ನೋಡಿತು. ರಾಜ್ಯದ ಸರಾಸರಿ ಒಂದು ಅಂತ ಇಟ್ಟು, ಅದಕ್ಕಿಂತ ಕಡಿಮಿ ಬಿದ್ದ 114 ತಾಲ್ಲೂಕುಗಳ ಹೆಸರು ಹಿಡಿದು ಬರೀತು. 39 ತಾಲ್ಲೂಕು ಅತ್ಯಂತ ಹಿಂದುಳಿದವು, ಅದರೊಳಗ 21 ನಮ್ಮವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಾಗ ಇದ್ದವು. ಎಂಟು ವರ್ಷದ 31,000 ಕೋಟಿ ರೂಪಾಯಿಯ ವಿಶೇಷ ಯೋಜನಾ ಬೇಕು ಅಂತ ಹೇಳಿದ್ದು ಆ ಲೆಕ್ಕದ ಬಲದ ಮ್ಯಾಲ. ಮುಂದ 2012ರಾಗ ಸಂವಿಧಾನದ 371(ಜೆ) ತಿದ್ದುಪಡಿ ಪಾಸಾಗೋತನಕ ನಡೆದ ಹೋರಾಟದಾಗ ನಮ್ಮ ಹಿರಿಯರ ಕೈಯಾಗ ತೋರಸಲಿಕ್ಕ ಒಂದು ಕಾಗದ ಇತ್ತು.

ಮಾಸ್ತರು: ಅದನ್ನ ಯಾರೂ ಇಲ್ಲ ಅನ್ನಂಗಿಲ್ಲ. ನಂಜುಂಡಪ್ಪನವರ ಋಣ ನಮ್ಮ ಮ್ಯಾಲ ಅದ. ಆದ್ರ ಅವರು ತೂಗಿದ್ದು ಇಪ್ಪತ್ತೈದು ವರ್ಷದ ಹಿಂದಿನ ತಾಲ್ಲೂಕು. ಅವತ್ತು ಹುಟ್ಟಿದ ಕೂಸು ಇವತ್ತು ಮಕ್ಕಳ ತಾಯಿ. ಕಲ್ಯಾಣ ಕರ್ನಾಟಕ ಅಭಿವೃದ್ಧಿ ಮಂಡಳಿ ತಾಲ್ಲೂಕುಗಳಿಗಿ ರೊಕ್ಕ ಹಂಚಲಿಕ್ಕ ವರ್ಷಾನುಗಟ್ಟಲೆ ಹಿಡಕೊಂಡು ಬಂದದ್ದು ಅದೇ ಸೂಚ್ಯಂಕ. ಈಗ ಶಹಾಬಾದ್ ನೋಡು. ಅವಾಗ ಅದು ಚಿತ್ತಾಪುರ ತಾಲ್ಲೂಕಿನೊಳಗಿನ ಊರು. ಕಾರ್ಖಾನಿ ಇದ್ದ ಪ್ಯಾಟಿ, ರೈಲ್ವೆ ಊರು, ಫರಸಿ ಕಲ್ಲಿನ ಊರು. ಅದರ ಸಾಲಿ, ದವಾಖಾನಿ, ಬ್ಯಾಂಕು ಎಲ್ಲಾ ಚಿತ್ತಾಪುರದ ಲೆಕ್ಕಕ್ಕ ಸೇರತಿತ್ತು. 2018ರಾಗ ಶಹಾಬಾದ್ ಬ್ಯಾರೆ ತಾಲ್ಲೂಕು ಆಯ್ತು, ಕಾಳಗಿ ಬ್ಯಾರೆ ಆಯ್ತು. ಹಳೇ ಪಟ್ಟಿಯಾಗ ಆ ಎರಡೂ ಹೆಸರೇ ಇಲ್ಲ. ದೊಡ್ಡ ಕಾರ್ಖಾನಿ ಬಾಗಿಲ ಹಾಕಿದ ಮ್ಯಾಲ ಶಹಾಬಾದಿನ ಮನಿಮನಿಯಾಗ ಏನಾಯ್ತು ಅನ್ನೋದಕ್ಕ ಹಳೇ ಚಿತ್ತಾಪುರದ ಸಂಖ್ಯಾ ಏನು ಉತ್ತರ ಕೊಟ್ಟೀತು?

ತರುಣಿ: ಅದಕ್ಕೇ ಅಲ್ಲವಾ ಸರ, 2024ರಾಗ ಪ್ರೊ. ಎಂ. ಗೋವಿಂದ ರಾವ್ ಅವರ ಸಮಿತಿ ಮಾಡಿದ್ದು. ಪ್ರಾದೇಶಿಕ ಅಸಮತೋಲನ ಮತ್ತೊಮ್ಮೆ ಅಳೀಲಿಕ್ಕ.

ಮಾಸ್ತರು: ಮಾಡಿದ್ದು ಒಳ್ಳೇದೇ ಆಯ್ತು. ಒಂದು ಸಮಿತಿಗೂ ಇನ್ನೊಂದು ಸಮಿತಿಗೂ ನಡುವ ಇಪ್ಪತ್ತು ವರ್ಷ ಹೋಗಬಾರದು, ನಾ ಹೇಳೋದು ಅಷ್ಟೇ. ತಾಲ್ಲೂಕಿನ ಲೆಕ್ಕ ಐದು ವರ್ಷಕ್ಕೊಮ್ಮೆ ತಾನಾಗೇ ತಯಾರಾಗಬೇಕು. ಅದಕ್ಕ ಹೋರಾಟ ಬೇಕಾಗಬಾರದು.

ತರುಣಿ: ಅಲ್ಲಿ ಇನ್ನೊಂದು ತೊಡಕು ಅದ. ವಿಶ್ವಸಂಸ್ಥೆ 2015ರ ಸೆಪ್ಟೆಂಬರಿನ್ಯಾಗ 17 ಸುಸ್ಥಿರ ಅಭಿವೃದ್ಧಿ ಗುರಿ, ಅದರ ಕೆಳಗ 169 ಉಪಗುರಿ ಒಪ್ಪಿಕೊಂಡಿತು. ಬಡತನ, ಹಸಿವು, ಆರೋಗ್ಯ, ಸಾಲಿ, ನೀರು, ಎಲ್ಲಾ ಅದರಾಗ ಬರತಾವ. ನೀತಿ ಆಯೋಗ 2018ರಿಂದ ರಾಜ್ಯಗಳಿಗಿ ಅಂಕ ಹಾಕತದ. ಆ ಅಂಕದೊಳಗ ಆರೋಗ್ಯ, ಪೋಷಣೆಯ ಭಾಳಷ್ಟು ಸಂಖ್ಯಾ ಬರೋದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಿಂದ. ಅದು ಸ್ಯಾಂಪಲ್ ಸಮೀಕ್ಷೆ, ಜಿಲ್ಲಾದ ತನಕ ಮಾತ್ರ ಇಳೀತದ. ಕಲಬುರಗಿ ಜಿಲ್ಲಾದಾಗ ಎಷ್ಟು ಮಕ್ಕಳು ವಯಸ್ಸಿಗಿ ತಕ್ಕ ಎತ್ತರ ಬೆಳೆದಿಲ್ಲ ಅಂತ ಹೇಳತದ. ಕುಂಚಾವರಂ ಗುಡ್ಡದ ಮಕ್ಕಳು ಎಷ್ಟು, ವಾಡಿಯ ಸಿಮೆಂಟ್ ಕಾಲೋನಿ ಮಕ್ಕಳು ಎಷ್ಟು ಅಂತ ಅದು ಹೇಳಲ್ಲ. ಹೇಳಲಿಕ್ಕ ಬರೋದೂ ಇಲ್ಲ, ಅಷ್ಟು ಮನಿ ಅದು ಮುಟ್ಟಿರಲ್ಲ.

ಮಾಸ್ತರು: ಸೇಡಂ, ಮಳಖೇಡ, ವಾಡಿ ಈ ಪಟ್ಟಾದಾಗ ನೆಲದ ಕೆಳಗ ಸುಣ್ಣದಕಲ್ಲು, ಮ್ಯಾಲ ಸಿಮೆಂಟ್ ಚಿಮಣಿ. ದಿನಾ ಎಷ್ಟು ಟನ್ ಸಿಮೆಂಟ್ ಹೊರಗ ಹೋತು ಅನ್ನೋದು ಗೊತ್ತು. ವ್ಯಾಗನ್ ಲೆಕ್ಕ ಸ್ಟೇಷನ್ನಿನ್ಯಾಗ ಸಿಗತದ. ಆ ಉತ್ಪನ್ನ ಜಿಲ್ಲಾದ ಆದಾಯದಾಗ ಕೂಡಿ, ತಲಾ ಆದಾಯ ಅಂತ ಎಲ್ಲರ ತಲಿ ಮ್ಯಾಲೂ ಹಂಚಿ ಹೋಗತದ. ತೊಗರಿ ಕೊಯ್ದು ಪುಣೆಗಿ ಹೋಗೋ ತಾಂಡಾದವನ ತಲಿ ಮ್ಯಾಲೂ ಅದರ ಪಾಲು ಬರೀತಾರ. ಅವನ ಕಿಸೆಯಾಗ ಮಾತ್ರ ಅದು ಎಂದೂ ಬಿದ್ದಿಲ್ಲ.

ತರುಣಿ: ಚಿತ್ತಾಪುರ ಬಂತು ಸರ. ನಾಗಾವಿ ಇಲ್ಲೇ ಬಾಜೂಕೇ ಅಲ್ಲವಾ?

ಮಾಸ್ತರು: ಹೌದವ್ವಾ, ನಾಗಾವಿಯ ಘಟಿಕಾಸ್ಥಾನ. ಹನ್ನೊಂದನೇ ಶತಮಾನದ ಶಾಸನ ಅದ ಅಲ್ಲಿ. ವೇದ ಓದೋ ವಿದ್ಯಾರ್ಥಿಗಳು 200 ಅಂತ ಕಲ್ಲಿನ ಮ್ಯಾಲ ಕೊರದಾರ. ಪುಸ್ತಕ ಕಾಯೋ ಸರಸ್ವತಿ ಭಂಡಾರಿಗಳು ಆರು ಮಂದಿ ಅಂತನೂ ಕೊರದಾರ. ಸಾಲಿ ಎಲ್ಲಿ ಇತ್ತೋ ಲೆಕ್ಕನೂ ಅಲ್ಲೇ ನಿಲ್ಲಿಸಿದ್ರು. ಬಂದವರು ಹೋದವರು ಓದಿ ನೋಡಲಿ ಅಂತ. ನನಗ ಅದು ಭಾಳ ಹಿಡಸ್ತದ.

ತರುಣಿ: ಆಗಲೇ ತಾಂಡಾ ಮಾತು ತೆಗೆದಿದ್ರಿ. 2023ರ ಜನವರಿ 19ಕ್ಕ ಮಳಖೇಡದಾಗ ಪ್ರಧಾನಮಂತ್ರಿ ಬಂದು ಹಕ್ಕುಪತ್ರ ಹಂಚಿದ್ರಲ್ಲ, ನೀವು ಹೋಗಿದ್ರಿ?

ಮಾಸ್ತರು: ಹೋಗಿದ್ದೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಐದೂ ಜಿಲ್ಲಾದಿಂದ ಮಂದಿ ಬಂದಿದ್ರು. ಸುಮಾರು 1,475 ದಾಖಲೆ ಇಲ್ಲದ ಜನವಸತಿ ಕಂದಾಯ ಗ್ರಾಮ ಆದವು, 50,000ಕ್ಕೂ ಮಿಕ್ಕಿದ ಕುಟುಂಬಕ್ಕ ಹಕ್ಕುಪತ್ರ ಅಂತ. ದಾಖಲೆ ಇಲ್ಲದ ಊರು ಅಂದ್ರ ಏನು ಅಂತ ಎಣಿಸಲಿಕ್ಕ ಹೋದವನಿಗಿ ಗೊತ್ತು. ಜನಗಣತಿಯಾಗ ಹಳ್ಳಿ ಅಂದ್ರ ಕಂದಾಯ ಗ್ರಾಮ. ತಾಂಡಾ ಮೂಲ ಊರಿನಿಂದ ಮೂರು ಕಿಲೋಮೀಟರ್ ದೂರ ಇರಲಿ, ನೂರು ಮನಿ ಇರಲಿ, ಪುಸ್ತಕದಾಗ ಅದಕ್ಕ ಒಂದು ಸಾಲು ಇಲ್ಲ. ನಾ ಎಣಿಸಿದ ಮಂದಿ ಎಲ್ಲಾ ಮೂಲ ಊರಿನ ಹೆಸರಿನ್ಯಾಗ ಕೂಡಿಹೋದ್ರು. ಮೂಲ ಊರಾಗ ಹೈಸ್ಕೂಲು ಅದ, ನಳ ಅದ. ಹಂಗಂದ್ರ ತಾಂಡಾಕ್ಕೂ ಅದ ಅಂತ ಆಯ್ತು. ಇಲ್ಲದ್ದು ಇಲ್ಲ ಅಂತ ತೋರಸಲಿಕ್ಕೂ ಒಂದು ಸಾಲು ಬೇಕಲ್ಲ.

ತರುಣಿ: ಅಂದ್ರ 2027ರ ಜನಗಣತಿಯಾಗ ಮೊದಲ ಸಲ ಆ ಊರುಗಳಿಗಿ ತಮ್ಮದೇ ಸಾಲು ಸಿಗಬೇಕು.

ಮಾಸ್ತರು: ಸಿಗಬೇಕು. ಆದ್ರ ಯಾವ ತಿಂಗಳಾಗ ಎಣಸ್ತಾರ ನೋಡು. 2027ರ ಮಾರ್ಚ್ 1 ಗಣತಿಯ ದಿನ, ಮನಿಮನಿ ಎಣಿಕಿ ಅದಕ್ಕೂ ಮುಂಚೆ ಫೆಬ್ರವರಿಯಾಗ. ಫೆಬ್ರವರಿಯಾಗ ತಾಂಡಾ ಹ್ಯಾಂಗಿರತದ? ತೊಗರಿ ರಾಶಿ ಮುಗಿದಿರತದ, ಗಂಡ ಹೆಂಡತಿ ಮಕ್ಕಳು ಎಲ್ಲಾ ಮುಂಬೈ, ಪುಣೆ, ಹೈದರಾಬಾದ್ ಹಾದಿ ಹಿಡಿದಿರತಾರ. ಮನಿಗಿ ಕೀಲಿ. ಇಲ್ಲ ಅಂದ್ರ ಕಣ್ಣು ಕಾಣದ ಮುದುಕಿ, ಕೈಯಾಗ ಎರಡು ಮೊಮ್ಮಕ್ಕಳು. ಪುಣೆಯಾಗ ಕಟ್ಟಡದ ಬಾಜೂ ತಗಡಿನ ಶೆಡ್ಡಿನ್ಯಾಗ ಅವರನ್ನ ಯಾರಾರ ಎಣಿಸಿದ್ರ ಪುಣೆಯ ಲೆಕ್ಕಕ್ಕ ಸೇರತಾರ. ಎಣಿಸಲಿಲ್ಲ ಅಂದ್ರ ಎಲ್ಲೂ ಇಲ್ಲ. ನಾನೇ ಎಷ್ಟೋ ಬಾಗಲ ಮ್ಯಾಲ ‘ಬೀಗ’ ಅಂತ ಬರದೀನಿ. ಬಾಜೂ ಮನಿಯವರನ್ನ ಕೇಳೀನಿ, ಎರಡನೇ ಸಲ ಹೋಗೀನಿ. ಬೀಗ ಬೀಗೇ.

ತರುಣಿ: ಅದಕ್ಕೊಂದು ದಾರಿ ಅದ ಸರ. ಹಿಮ ಬೀಳೋ ಕೆಲವು ಪ್ರದೇಶ ಬಿಟ್ಟರ ಗಣತಿಯ ತಾರೀಖು ದೇಶಕ್ಕೆಲ್ಲಾ ಒಂದೇ, ಅದನ್ನ ಬದಲಿ ಮಾಡಲಿಕ್ಕ ಬರಂಗಿಲ್ಲ. ಆದ್ರ ಪಂಚಾಯತಿ ತನ್ನ ಲೆಕ್ಕ ತಾನು ಇಟಕೊಳ್ಳಬಹುದು. ಯಾವ ಮನಿಯಿಂದ ಯಾರು ಹೋದ್ರು, ಎಲ್ಲಿಗಿ ಹೋದ್ರು, ಮಕ್ಕಳನ್ನ ಕರಕೊಂಡು ಹೋದ್ರೋ ಬಿಟ್ಟು ಹೋದ್ರೋ. ದೀಪಾವಳಿ ಆದ ಮ್ಯಾಲ ಒಮ್ಮೆ, ಯುಗಾದಿಗೊಮ್ಮೆ. ಎರಡು ಸಲ ಬರದ್ರ ಸಾಕು. ಹಾಸ್ಟೆಲ್ ಎಷ್ಟು ಬೇಕು, ಅಂಗನವಾಡಿಗಿ ಅಕ್ಕಿ ಎಷ್ಟು ಬೇಕು, ಉದ್ಯೋಗ ಖಾತ್ರಿ ಕೆಲಸ ಯಾವ ವಾರ ಸುರು ಆದ್ರ ಮಂದಿ ಊರು ಬಿಡಲ್ಲ, ಎಲ್ಲಾ ಅದರಿಂದ ಹೇಳಬಹುದು.

ಮಾಸ್ತರು: ಬರೆಯೋರು ಯಾರು? ಅಂಗನವಾಡಿ ಟೀಚರ್ ಅಂತ ಹೇಳಬ್ಯಾಡ ಮತ್ತ.

ತರುಣಿ: ಇಲ್ಲ, ಅವರ ಪಾಡು ನಾ ನೋಡೀನಿ. ಕೂಸಿನ ತೂಕ ಪುಸ್ತಕದಾಗ ಬರೀಬೇಕು, ಅದನ್ನೇ 2021ರಿಂದ ಪೋಷಣ್ ಟ್ರ್ಯಾಕರಿನ್ಯಾಗ ಹಾಕಬೇಕು. ಗುಡ್ಡದ ಕಡಿ ನೆಟ್‌ವರ್ಕ್ ಇಲ್ಲ ಅಂದ್ರ ಸಂಜಿ ರೋಡಿಗಿ ಬಂದು ನಿಂತು ಕಳಿಸಬೇಕು. ಆಶಾ ಕಾರ್ಯಕರ್ತೆ ಅದೇ ಮನಿಗಿ ಬಂದು ಅದೇ ಬಸುರಿ ಹೆಸರು ಮತ್ತ ಬರೀತಾಳ. ಪಂಚಾಯತಿಯವರು ಬ್ಯಾರೆ ಬರೀತಾರ. 2025ರ ಸೆಪ್ಟೆಂಬರಿನ್ಯಾಗ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಬಂತು, 60 ಪ್ರಶ್ನಿ. ಕರೆಂಟ್ ಮೀಟರ್ ಹಿಡಿದು ಮನಿ ಗುರುತು ಮಾಡಿದ್ರು. ನಮ್ಮ ಕಡಿ ಒಂದು ಮೀಟರಿನ ಕೆಳಗ ಮೂರು ಒಲಿ ಉರೀತಾವ. ಗುರುತು ಮೀಟರಿಗಿ ಸಿಕ್ಕಿತು, ಒಲಿಗಿ ಸಿಗಬೇಕಂದ್ರ ಮಾಸ್ತರು ಕುಂತು ಕೇಳಿದಾಗಷ್ಟೇ.

ಮಾಸ್ತರು: ಇಲ್ಲೇ ನೋಡು, ನಮ್ಮಲ್ಲಿ ಲೆಕ್ಕ ಕಡಿಮಿ ಇಲ್ಲ. ಒಂದೇ ಮನಿಯ ಲೆಕ್ಕ ಆರು ಕಡಿ ಬಿದ್ದದ, ಒಂದಕ್ಕೊಂದು ಮಾತಾಡಲ್ಲ. ಮನಿಯಾಕಿ ಅದೇ ಉತ್ತರ ಆರು ಸಲ ಕೊಟ್ಟು ಬ್ಯಾಸತ್ತು, ಏಳನೇ ಸಲ ಏನಾರ ಒಂದು ಹೇಳಿ ಕಳಸ್ತಾಳ. ಒಮ್ಮೆ ಸರಿಯಾಗಿ ಬರಿ, ಎಲ್ಲರೂ ಅದನ್ನೇ ಬಳಸ್ರಿ ಅನ್ನೋದು ಮೊದಲ ಸುಧಾರಣಾ ಆಗಬೇಕು. ಬರೆಯೋರಿಗಿ ಕೂಲಿ ಹೊತ್ತಿಗಿ ಸಿಗೋದು ಎರಡನೇದು. ತಿಂಗಳಾನುಗಟ್ಟಲೆ ರೊಕ್ಕ ಬಾಕಿ ಇಟ್ಟು, ಖರೇ ಸಂಖ್ಯಾ ಬರೀ ಅಂದ್ರ ಯಾರು ಬರದಾರು?

ತರುಣಿ: ನಮ್ಮ ಪಿ.ಆರ್. ಹುಡುಗರ ಮನಸಿನ ಮಾತು ಹೇಳಿದ್ರಿ. ಈಗ ನಾ ಒಂದು ಹೇಳತೀನಿ ಕೇಳ್ರಿ, ಬೆಳಿ ಕಟಾವು ಪ್ರಯೋಗದ ಸುದ್ದಿ. ಹೋದ ಸಲ ತೊಗರಿ ಕಟಾವಿಗಿ ನಾನೂ ನಿಂತಿದ್ದೆ. ಯಾವ ಸರ್ವೆ ನಂಬರ್ ಅಂತ ಮೊದಲೇ ಚೀಟಿ ಎತ್ತಿದಂಗ ಆಯ್ಕೆ ಆಗಿರತದ. ಹೊಲದ ನೈಋತ್ಯ ಮೂಲಿಗಿ ನಿಂತು, ಕಾಗದದಾಗ ಉದ್ದಕ್ಕ ಬಂದಷ್ಟು ಹೆಜ್ಜಿ, ಅಡ್ಡಕ್ಕ ಬಂದಷ್ಟು ಹೆಜ್ಜಿ ಹೋಗಬೇಕು. ಅಲ್ಲಿ ಗೂಟ ಬಡಿದು ಸುತಳಿ ಕಟ್ಟಿದ್ರು. ಸುತಳಿ ಒಳಗಿನ ಗಿಡ ಅಷ್ಟೇ ಕುಡಗೋಲಿನಿಂದ ಕೊಯ್ದು, ತಾಡಪತ್ರಿ ಮ್ಯಾಲ ಹಾಕಿ, ಕೋಲಿನಿಂದ ಬಡಿದು, ಹೊಟ್ಟು ತೂರಿ, ಕಾಳು ತೂಕಕ್ಕ ಇಟ್ಟರು. ಹೊಲದ ಯಜಮಾನ ತಕ್ಕಡಿ ಬಿಟ್ಟು ಕಣ್ಣು ತೆಗೀಲಿಲ್ಲ. ಮೊಬೈಲಿನ್ಯಾಗ ಫೋಟೋ ಆಯ್ತು, ತೂಕ ಹೋತು. ಕಾಳು ಅವನಿಗೇ ಕೊಟ್ಟರು. “ಎಷ್ಟು ಬಂದ್ರ ನಮಗ ವಿಮಾ ಸಿಗತದ, ಎಷ್ಟು ಬಂದ್ರ ಸಿಗಲ್ಲ?” ಅಂತ ಕೇಳಿದ. ಅಲ್ಲಿ ನಿಂತವರಿಗಿ ಯಾರಿಗೂ ಆ ಸಂಖ್ಯಾ ಗೊತ್ತಿರಲಿಲ್ಲ.

ಮಾಸ್ತರು: ಆ ಸಂಖ್ಯಾ ಹ್ಯಾಂಗ ಕಟ್ಟತಾರ?

ತರುಣಿ: ಹಿಂದಿನ ಏಳು ವರ್ಷದಾಗ ಚೊಲೋ ಬಂದ ಐದು ವರ್ಷದ ಸರಾಸರಿ ಇಳುವರಿ ತಗೀತಾರ. ಅದರ ಶೇ 70, 80 ಇಲ್ಲಾ 90, ಯಾವುದು ನಿಗದಿ ಆಗಿರತದೋ ಅದು ಖಾತರಿ ಇಳುವರಿ. ಮುಖ್ಯ ಬೆಳಿಗಿ ಒಂದು ಗ್ರಾಮ ಪಂಚಾಯತಿಯಾಗ ನಾಲ್ಕು ಕಟಾವು. ನಾಲ್ಕರ ಸರಾಸರಿ ಖಾತರಿಗಿಂತ ಕೆಳಗ ಬಿದ್ರ ಪಂಚಾಯತಿಯಾಗ ವಿಮಾ ಮಾಡಿಸಿದ ಎಲ್ಲಾರಿಗೂ ಪರಿಹಾರ. ಮ್ಯಾಲ ನಿಂತ್ರ ಯಾರಿಗೂ ಇಲ್ಲ. ಹೊಲದಾಗ ನೀರು ನಿಂತು ಹೋದವ 72 ತಾಸಿನೊಳಗ ತಿಳಿಸಿದ್ರ ಅವನದು ಬ್ಯಾರೆ ನೋಡತಾರ. ನಮ್ಮ ನೆಲ ಹ್ಯಾಂಗದ ನಿಮಗ ಗೊತ್ತಲ್ಲ ಸರ. ಒಂದೇ ಪಂಚಾಯತಿಯಾಗ ಹಳ್ಳದ ದಂಡಿಯ ಕರಿ ಎರಿ, ಮ್ಯಾಲಿನ ಕೆಂಪು ಮರಡಿ. ಎತ್ತಿನ ಒಂದು ಕೋಡು ತೊಯ್ದು ಇನ್ನೊಂದು ಒಣಗಿರೋ ಹಂಗ ಮಳಿ. ನಾಲ್ಕು ಸುತಳಿ ಎಲ್ಲಿ ಬಿತ್ತು ಅನ್ನೋದರ ಮ್ಯಾಲ ನೂರಾರು ಮನಿ ಹಣೇಬರಹ.

ಮಾಸ್ತರು: ಸುತಳಿ ಹಾಕೋ ಪದ್ಧತಿನೇ ತಪ್ಪು ಅಂತೀಯಾ?

ತರುಣಿ: ಪದ್ಧತಿ ತಪ್ಪಲ್ಲ, ಅದು ನಮ್ಮ ದೇಶದ ಹೆಮ್ಮಿ. 1940ರ ದಶಕದಾಗ ಮಹಲನೋಬಿಸ್, ಸುಖಾತ್ಮೆ ಇಂಥ ಸಂಖ್ಯಾಶಾಸ್ತ್ರಜ್ಞರು ಇದನ್ನ ಕಟ್ಟಿ ನಿಲ್ಲಿಸಿದ್ರು. ದೇಶದಾಗ ಆಹಾರ ಎಷ್ಟು ಅದ, ಬರ ಬಂದ್ರ ಎಲ್ಲಿಗಿ ಧಾನ್ಯ ಕಳಿಸಬೇಕು ಅಂತ ತಿಳೀಲಿಕ್ಕ. ಜಿಲ್ಲಾ, ರಾಜ್ಯ ತೂಗಲಿಕ್ಕ ಮಾಡಿದ ತಕ್ಕಡಿ ಅದು. ಅದರಾಗ ಈಗ ಒಂದು ಪಂಚಾಯತಿ ತೂಗಲಿಕ್ಕತ್ತೀವಿ. ಸ್ಯಾಂಪಲ್ ಸಣ್ಣದಾದಷ್ಟು ಸರಾಸರಿ ತೂಗಾಡತದ, ಇದು ಮೊದಲ ವರ್ಷದ ಪಾಠ. ನನ್ನ ಬೇಡಿಕಿ ದೊಡ್ಡದಲ್ಲ. ಉಪಗ್ರಹದ ಚಿತ್ರದಾಗ ಯಾವ ಹೊಲ ಹಸಿರು, ಯಾವುದು ಒಣಗ್ಯದ ಅಂತ ಕಾಣತದ. ಅದನ್ನ ನೋಡಿ ಎರಡೂ ನಮೂನಿ ಹೊಲಕ್ಕ ಸುತಳಿ ಬೀಳೋ ಹಂಗ ಆಯ್ಕೆ ಮಾಡಲಿ. ಕಟಾವು ಆದ ದಿನಾನೇ ನಾಲ್ಕೂ ತೂಕ, ಖಾತರಿ ಇಳುವರಿ, ಎರಡೂ ಪಂಚಾಯತಿ ಗ್ವಾಡಿಗಿ ಬರೀಲಿ. ಅವತ್ತೇ ಬರದ್ರ ಆ ಹೊಲದವ ಬಂದು “ಇದು ನನ್ನ ಹೊಲದ ತೂಕ ಅಲ್ಲ” ಅಂತ ಹೇಳಲಿಕ್ಕ ಬರತದ. ಆರು ತಿಂಗಳಿಗಿ ಗೊತ್ತಾದ್ರ ಅಳಲಿಕ್ಕ ಮಾತ್ರ ಬರತದ.

ಮಾಸ್ತರು: 2022ರಾಗ ನೆಟೆ ರೋಗ ಬಂತಲ್ಲ, ತೊಗರಿ ನಿಂತಲ್ಲೇ ಒಣಗಿ ಕೋಲಾಯ್ತು.

ತರುಣಿ: ಅದೂ ಇದೇ ಪಾಠ ಹೇಳತದ ಸರ. ಬೆಳಿ ಸಮೀಕ್ಷೆ ಫೋಟೋ ತೆಗೆಯೋದು ಮಳಿಗಾಲದಾಗ, ಗಿಡ ಹಸಿರಿದ್ದಾಗ. ರೋಗ ಕಾಣೋದು ಹೂ ಬಿಟ್ಟು ಕಾಯಿ ಕಟ್ಟೋ ಹೊತ್ತಿಗಿ. ಕಂಪ್ಯೂಟರಿನ್ಯಾಗ ಆ ಹೊಲ ಇನ್ನೂ ಹಸಿರೇ ಇತ್ತು. ಮತ್ತ ಕೃಷಿ ಇಲಾಖೆಯವರು, ಕಂದಾಯದವರು ಹೊಲಕ್ಕ ಇಳಿದು ನೋಡಬೇಕಾಯ್ತು, ಆಮ್ಯಾಲ ಹೆಕ್ಟೇರಿಗಿ 10,000 ರೂಪಾಯಿ ಪರಿಹಾರ ಬಂತು. ತೊಗರಿಗಿ ಜಿಐ ಮಾನ್ಯತೆ ಸಿಕ್ಕ ಜಿಲ್ಲಾದಾಗ ತೊಗರಿ ಹೊಲಾನ ಎರಡು ಸಲ ನೋಡೋ ಪದ್ಧತಿ ಇರಬೇಕು.

ಮಾಸ್ತರು: ಮಳಿ ಲೆಕ್ಕದಾಗ ನಮ್ಮ ರಾಜ್ಯ ಚೊಲೋ ಮಾಡ್ಯದ, ಅದನ್ನ ಹೇಳಬೇಕು. ವಿಪತ್ತು ಉಸ್ತುವಾರಿ ಕೇಂದ್ರದವರು ರಾಜ್ಯದ ತುಂಬ ಸುಮಾರು 6,500 ಮಳಿ ಮಾಪಕ ಹಾಕ್ಯಾರ, ಪಂಚಾಯತಿಗೊಂದು. ಹದಿನೈದು ನಿಮಿಷಕ್ಕೊಮ್ಮೆ ತಾನಾಗೇ ಸುದ್ದಿ ಕಳಸ್ತದ. ನಾ ನೌಕರಿಗಿ ಸೇರಿದಾಗ ತಾಲ್ಲೂಕು ಕಚೇರಿಯ ಮಳಿ ಡಬ್ಬಿನೇ ಗತಿ.

ತರುಣಿ: ಮಳಿ ಅಳೆಯೋ ಹಂಗ ಗಡಿಕೇಶ್ವಾರಕ್ಕ ಭೂಕಂಪ ಅಳೆಯೋ ಯಂತ್ರನೂ ಬಂತಲ್ಲ ಸರ?

ಮಾಸ್ತರು: ಬಂತು. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಮಂದಿ ಭೂಮ್ಯಾಗ ಸಪ್ಪಳ ಬರತದ ಅಂತ ವರ್ಷಾನುಗಟ್ಟಲೆ ಹೇಳಿಕೋತ ಬಂದ್ರು. 1993ರ ಕಿಲ್ಲಾರಿ ಭೂಕಂಪದ ನೆನಪು ಇರೋ ಮಂದಿ ಅವರು, ಅಂಜಿಕಿ ಸುಮ್ಮನ ಬಂದದ್ದಲ್ಲ. 2021ರ ಅಕ್ಟೋಬರ್ 11ರ ರಾತ್ರಿ ಭೂಮಿ ನಡುಗಿತು, 4.1 ತೀವ್ರತೆ. ಮಂದಿ ಮನಿ ಬಿಟ್ಟು ಹೊರಗ ಮಲಗಿದ್ರು, ಎಷ್ಟೋ ಮಂದಿ ಊರೇ ಬಿಟ್ಟರು. ಆಮ್ಯಾಲ ಹೈದರಾಬಾದಿನ ಭೂಭೌತ ಸಂಸ್ಥೆಯ ವಿಜ್ಞಾನಿಗಳು ಬಂದ್ರು, ಊರಾಗೇ ಯಂತ್ರ ಕುಂತಿತು. ನಾ ಕೇಳೋದು ಇಷ್ಟು. ಊರ ಮಂದಿ ಹೇಳಿದ ಸಪ್ಪಳ, ಯಾವ ದಿನ, ಎಷ್ಟು ಹೊತ್ತಿಗಿ, ಎಷ್ಟು ಮನಿಗಿ ಕೇಳಸ್ತು ಅಂತ ಪಂಚಾಯತಿಯಾಗ ಒಂದು ಪುಸ್ತಕ ಇಟ್ಟು ಬರದಿದ್ರ, ವಿಜ್ಞಾನಿ ಬಂದಾಗ ಅವನ ಕೈಗಿ ವರ್ಷಾನುಗಟ್ಟಲೆಯ ಲೆಕ್ಕ ಸಿಗತಿತ್ತು. ಕಿವಿಯಿಂದ ಕೇಳಿ ಬರದದ್ದೂ ಲೆಕ್ಕೇ.

ತರುಣಿ: ಸಿಮೆಂಟ್ ಧೂಳಿಗೂ ಇದೇ ಮಾತು ಹೇಳಬಹುದು. ಚಿಮಣಿಯೊಳಗ ಹೊಗಿ ಅಳೆಯೋ ಯಂತ್ರ ಇರಲೇಬೇಕು ಅಂತ ನಿಯಮ ಅದ, ಅದರ ಸಂಖ್ಯಾ ಮಾಲಿನ್ಯ ನಿಯಂತ್ರಣ ಮಂಡಳಿಗಿ ಹೋಗತದ. ಅದನ್ನೇ ಸೇಡಂ ಬಸ್‌ಸ್ಟ್ಯಾಂಡಿನ್ಯಾಗ, ವಾಡಿ ಸ್ಟೇಷನ್ನಿನ ಹೊರಗ ಒಂದು ಬೋರ್ಡಿನ ಮ್ಯಾಲ ತೋರಸಲಿ. ದವಾಖಾನಿ ಚೀಟಿಯಾಗ ವಯಸ್ಸು, ಊರು ಬರೆಯೋ ಹಂಗ ‘ಏನು ಕೆಲಸ ಮಾಡತಿ’ ಅಂತ ಒಂದು ಕಾಲಂ ಹಾಕಲಿ. ಶಹಾಬಾದಿನ ಫರಸಿ ಗಣಿಯಾಗ ಕಲ್ಲು ಎಬ್ಬಿಸೋನ ಕೆಮ್ಮು, ಲಾರಿಗಿ ಚೀಲ ಏರಿಸೋನ ಕೆಮ್ಮು, ಬೀಡಿ ಸೇದೋನ ಕೆಮ್ಮು, ಮೂರೂ ಒಂದೇ ಸಾಲಿನ್ಯಾಗ ಬಿದ್ರ ಯಾವ ಡಾಕ್ಟರ್ ಏನು ಹೇಳ್ಯಾರು?

ಮಾಸ್ತರು: ಗಣಿ ಅಂದಾಗ ನೆನಪಾಯ್ತು. 2015ರಾಗ ಗಣಿ ಕಾಯ್ದೆ ತಿದ್ದಿ ಜಿಲ್ಲಾ ಖನಿಜ ಪ್ರತಿಷ್ಠಾನ ಮಾಡಿದ್ರು. ಹಳೇ ಗಣಿಯವರು ರಾಜಧನದ ಮ್ಯಾಲ ಶೇ 30, ಹರಾಜಿನ್ಯಾಗ ಹಿಡಿದವರು ಶೇ 10 ಅದಕ್ಕ ಕೊಡಬೇಕು. ಗಣಿಯಿಂದ ತೊಂದ್ರಿ ಆದ ಊರಿಗೇ ಆ ರೊಕ್ಕ. ಸೇಡಂ, ಚಿತ್ತಾಪುರದ ಸುಣ್ಣದಕಲ್ಲು ಎಲ್ಲಾ ಅದರೊಳಗ ಬರತದ. 2024ರ ಹೊಸ ಮಾರ್ಗಸೂಚಿಯಾಗ, ಮೊದಲು ಮೂಲ ಸಮೀಕ್ಷೆ ಮಾಡ್ರಿ, ಐದು ವರ್ಷದ ಯೋಜನಾ ಮಾಡ್ರಿ, ಆಮ್ಯಾಲ ಖರ್ಚು ಮಾಡ್ರಿ ಅಂದಾರ. ಕುಡಿಯೋ ನೀರು, ಆರೋಗ್ಯ, ಶಿಕ್ಷಣ ಇಂಥ ಮೊದಲ ಸಾಲಿನ ಕೆಲಸಕ್ಕ ಶೇ 70. ಆ ಮೂಲ ಸಮೀಕ್ಷೆಯಾಗ ಗಣಿ ಬಾಜೂಕಿನ ಬಾವಿ ಎಷ್ಟು ಬತ್ತಿದವು, ಬ್ಲಾಸ್ಟಿಗಿ ಎಷ್ಟು ಗ್ವಾಡಿ ಸೀಳಿದವು ಅಂತ ಬರದಾರೋ ಇಲ್ಲೋ, ಊರ ಮಂದಿ ಹೋಗಿ ಕೇಳಿ ಓದಬೇಕು. ರೊಕ್ಕ ಎಲ್ಲಿ ಹೋಗಬೇಕು ಅನ್ನೋದು ಅಲ್ಲೇ ಠರಾವು ಆಗತದ.

ತರುಣಿ: ಎಲ್ಲಾ ಲೆಕ್ಕ ಗ್ವಾಡಿ ಮ್ಯಾಲ ಬರೀಲಿ ಅಂತೀವಿ. ಒಂದು ಎಚ್ಚರ ಇರಬೇಕು ಸರ. ಸೊರಗಿದ ಕೂಸಿನ ಹೆಸರು ಬರದ್ರ ಆ ತಾಯಿ ಮುಂದಿನ ತಿಂಗಳು ಅಂಗನವಾಡಿಗಿ ಬರೋದೇ ಇಲ್ಲ. ಯಾರ ಮನಿಯಾಗ ಟಿಬಿ, ಯಾರದು ಸಾಲ, ಇದು ಊರ ಮಾತು ಆಗಬಾರದು. ಖಾಸಗಿ ಮಾಹಿತಿ ಕಾಯೋ ಕಾಯ್ದೆ 2023ರಾಗ ಬಂದದ. ಹೆಸರು ಒಳಗಿರಲಿ, ಸಂಖ್ಯಾ ಹೊರಗ ಬರಲಿ.

ಮಾಸ್ತರು: ಸರಿ ಹೇಳಿದಿ. ಸಂಖ್ಯಾ ಮುಚ್ಚಿಡಲಿಕ್ಕ ಆ ಕಾಯ್ದೆ ನೆಪ ಆಗಬಾರದು, ಅಷ್ಟೇ. ಕೇರಳದವರು 1996ರಾಗ ಜನಯೋಜನಾ ಸುರು ಮಾಡಿದಾಗ ಪಂಚಾಯತಿ ಪಂಚಾಯತಿಯಾಗ ಮಂದಿ ಕುಂತು ತಮ್ಮ ಊರಿನ ಅಭಿವೃದ್ಧಿ ವರದಿ ತಾವೇ ಬರದ್ರು. ಎಷ್ಟು ಕೆರಿ, ಎಷ್ಟು ಕೆಲಸ ಇಲ್ಲದವರು, ಎಲ್ಲಿ ನೀರಿಲ್ಲ ಅಂತ. ಮೊದಲು ಲೆಕ್ಕ, ಆಮ್ಯಾಲ ಯೋಜನಾ. ನಮ್ಮ ಕಡಿ ಗ್ರಾಮ ಪಂಚಾಯತಿಗಿ ಜಮಾಬಂದಿ ಅಂತ ಪದ್ಧತಿ ಇದ್ದೇ ಅದ, ವರ್ಷಕ್ಕೊಮ್ಮೆ ಮಂದಿ ಮುಂದ ರೊಕ್ಕದ ಲೆಕ್ಕ ಓದತಾರ. ಅದರ ಜೋಡಿ ಮಂದಿ ಲೆಕ್ಕನೂ ಓದಲಿ. ಹೊಸ ಕಾಯ್ದೆ ಬೇಕಾಗಿಲ್ಲ, ಹೊಸ ಆ್ಯಪ್ ಬೇಕಾಗಿಲ್ಲ. ಮಾಹಿತಿ ಕಣಜ ಅಂತ ಸರ್ಕಾರದ್ದೇ ಜಾಲತಾಣ ಅದ, ಎಷ್ಟೋ ಇಲಾಖೆಯ ಲೆಕ್ಕ ಅಲ್ಲಿ ತೆರೆದು ಇಟ್ಟಾರ. ಸಾಲಿ ಹುಡುಗರು ತಮ್ಮ ಊರಿನ ಪುಟ ತೆಗೆದು ಬರಕೊಂಡು ಬಂದು ಗ್ರಾಮಸಭಾದಾಗ ಓದಲಿ.

ತರುಣಿ: ಹಂಗಾದ್ರ ಆ ಆಯಿಗಿ ನಾ ಏನು ಹೇಳಲಿ ಸರ? ನಾಳೆ ಮತ್ತ ಅದೇ ಹೊಲಕ್ಕ ಹೋಗಬೇಕು.

ಮಾಸ್ತರು: ನೀ ಬರದದ್ದು ಅವಳಿಗೇ ಓದಿ ಹೇಳು. “ತೊಗರಿ ಇಷ್ಟು ಎಕರೆ, ಹೆಸರು ಇಷ್ಟು ಗುಂಟೆ ಅಂತ ಹಾಕೀನಿ, ಸರಿ ಅದ ಏನ್ರಿ?” ಅಂತ ಕೇಳಿ, ಆಮ್ಯಾಲ ಕಳಿಸೋ ಗುಂಡಿ ಒತ್ತು. ಅವಳ ಮೊಮ್ಮಗನಿಗಿ ಹೇಳು, ರೈತರೇ ತಮ್ಮ ಬೆಳಿ ದಾಖಲು ಮಾಡೋ ಆ್ಯಪ್ 2020ರಿಂದ ಅದ, ಸಮೀಕ್ಷೆಯಾಗ ತಪ್ಪು ಬಿದ್ರ ಆಕ್ಷೇಪಣಾ ಹಾಕಲಿಕ್ಕ ಬರತದ ಅಂತ. ಉಳಿದದ್ದು ಊರವರ ಕೆಲಸ. ಮುಂದಿನ ಗ್ರಾಮಸಭಾದ ಡಂಗುರ ಸಾರಿದಾಗ ಎಲ್ಲಾರೂ ಹೋಗಬೇಕು, ಹೆಣ್ಣುಮಕ್ಕಳು ಮೊದಲು ಹೋಗಬೇಕು. ಹೋಗಿ, ನಮ್ಮ ಪಂಚಾಯತಿಯ ತೊಗರಿ ಇಳುವರಿ ಎಷ್ಟು ಬರದ್ರಿ, ಖಾತರಿ ಇಳುವರಿ ಎಷ್ಟು, ತೂಕ ಕಡಿಮಿ ಇದ್ದ ಮಕ್ಕಳು ಎಷ್ಟು ಮಂದಿ, ನಮ್ಮ ತಾಂಡಾದ ಹೆಸರು ಗಣತಿ ಪಟ್ಟಿಯಾಗ ಅದನೋ ಇಲ್ಲೋ, ಓದಿ ಹೇಳ್ರಿ ಅಂತ ಕೇಳಬೇಕು. ಓದಿದ ಸಂಖ್ಯಾ ತಪ್ಪಿದ್ರ ಅಲ್ಲೇ ತಪ್ಪು ಅನ್ರಿ, ನಡಾವಳಿ ಪುಸ್ತಕದಾಗ ಬರಸ್ರಿ. ಬರಸದೇ ಮನಿಗಿ ಬರಬ್ಯಾಡ್ರಿ.